ತೃಪ್ತಿಯೂ ವೆಚ್ಚವೂ: ಪ್ರವಾಸಿಯ ಮನಸ್ಸಿನ ಒಂದು ಲೆಕ್ಕ

ವಾಡಿಯಿಂದ ಸಿಕಂದರಾಬಾದಿನ ಕಡೆಗೆ ಹೊರಟ ರೈಲು ಚಿತ್ತಾಪುರವನ್ನೂ ಮಳಖೇಡ ರಸ್ತೆ ನಿಲ್ದಾಣವನ್ನೂ ದಾಟಿ ಸೇಡಂ ಸೇರುತ್ತದೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಆಳಿದ ಮಾನ್ಯಖೇಟವೇ ಈ ಮಳಖೇಡ. ಕಾಗಿಣಾ ನದಿಯ ದಡದಲ್ಲಿರುವ ಅದರ ಕೋಟೆಯನ್ನು ನೋಡಿ ಪ್ರವಾಸಿಯೊಬ್ಬನು ಸಂತೋಷದಿಂದ ಹಿಂದಿರುಗಿದನೆಂದು ಭಾವಿಸೋಣ. ಅವನ ಸಂತೋಷದಿಂದ ಊರಿನವರ ಕೈಗೆ ಬಂದುದೇನು? ಸಂತೋಷಕ್ಕೂ ಹಣಕ್ಕೂ ಇರುವ ಸಂಬಂಧವನ್ನು ಅಳೆಯುವುದು ಸಾಧ್ಯವೆ? ಇದನ್ನು ನಾವು ಈಗ ಕ್ರಮವಾಗಿ ವಿಚಾರಿಸೋಣ.

ಮೊದಲು ತೃಪ್ತಿ ಎಂದರೇನೆಂಬುದನ್ನು ತಿಳಿಯಬೇಕು. ಬಿಸಿನೀರಿನಲ್ಲಿ ಅದ್ದಿದ್ದ ಕೈಯನ್ನು ಉಗುರುಬೆಚ್ಚನೆಯ ನೀರಿಗೆ ಇಟ್ಟರೆ ಅದು ತಣ್ಣಗೆನಿಸುತ್ತದೆ. ತಣ್ಣೀರಿನಿಂದ ತೆಗೆದ ಕೈಗೆ ಅದೇ ನೀರು ಬೆಚ್ಚಗೆನಿಸುತ್ತದೆ. ತೃಪ್ತಿಯೂ ಹೀಗೆಯೇ ಒಂದು ವ್ಯತ್ಯಾಸದ ಅಳತೆ. ನಿರೀಕ್ಷೆಗೂ ಅನುಭವಕ್ಕೂ ನಡುವಣ ಅಂತರವೇ ತೃಪ್ತಿ ಅಥವಾ ಅತೃಪ್ತಿಯನ್ನು ನಿರ್ಣಯಿಸುತ್ತದೆಂಬ ವಾದವನ್ನು ಅಮೆರಿಕದ ರಿಚರ್ಡ್ ಆಲಿವರ್ 1980ರಲ್ಲಿ ಮಂಡಿಸಿದರು.

ನಮ್ಮ ಸನ್ನತಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹಂಪೆಯಂತಹ ಭವ್ಯ ಮಂಟಪಗಳನ್ನು ನಿರೀಕ್ಷಿಸಿ ಭೀಮಾ ತೀರಕ್ಕೆ ಬಂದವನಿಗೆ ಅಲ್ಲಿನ ಒಡೆದ ಶಿಲಾಫಲಕಗಳು ನಿರಾಶೆಯನ್ನುಂಟುಮಾಡಬಹುದು. ಆದರೆ 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯ ಮಾಡು ಕುಸಿದಾಗ ಅಶೋಕನ ಶಾಸನವುಳ್ಳ ಕಲ್ಲು ಬೆಳಕಿಗೆ ಬಂದಿತೆಂಬುದನ್ನೂ, ಸಮೀಪದ ಕನಗನಹಳ್ಳಿಯಲ್ಲಿ ಅಶೋಕನ ಹೆಸರನ್ನು ಬ್ರಾಹ್ಮೀ ಲಿಪಿಯಲ್ಲಿ ಬರೆದ ಉಬ್ಬುಶಿಲ್ಪವೇ ದೊರೆತಿದೆಯೆಂಬುದನ್ನೂ ಒಬ್ಬರು ತಿಳಿಯಹೇಳಿದರೆ, ಅದೇ ಕಲ್ಲು ಬೆರಗನ್ನು ಹುಟ್ಟಿಸುತ್ತದೆ. ಕಲ್ಲು ಬದಲಾಗಲಿಲ್ಲ, ನೋಡುವವನ ಮನಸ್ಸು ಬದಲಾಯಿತು.

ಕೊನೆಯ ಅನುಭವಕ್ಕೂ ವಿಶೇಷ ತೂಕವುಂಟು. 1993ರಲ್ಲಿ ಡೇನಿಯಲ್ ಕಾನಮನ್ ಮತ್ತು ಸಂಗಡಿಗರು ಜನರ ಕೈಯನ್ನು 14 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ ಒಮ್ಮೆ 60 ಸೆಕೆಂಡು ಇರಿಸಿದರು. ಇನ್ನೊಮ್ಮೆ ಅದೇ 60 ಸೆಕೆಂಡುಗಳ ಮೇಲೆ ಇನ್ನೂ 30 ಸೆಕೆಂಡು ಇರಿಸಿ, ಆ ಅವಧಿಯಲ್ಲಿ ನೀರನ್ನು ತುಸು ಬೆಚ್ಚಗಾಗಿಸಿದರು. ಯಾವುದನ್ನು ಪುನಃ ಅನುಭವಿಸುವಿರಿ ಎಂದು ಕೇಳಿದಾಗ ಹೆಚ್ಚು ಮಂದಿ ದೀರ್ಘವಾದುದನ್ನೇ ಆರಿಸಿದರು! ಹೀಗಿರುವಲ್ಲಿ, ದಿನವೆಲ್ಲ ಕೋಟೆಯನ್ನು ನೋಡಿ ನಲಿದವನು ಸಂಜೆ ಬಸ್ಸಿಗಾಗಿ ಎರಡು ಗಂಟೆ ಬಿಸಿಲಲ್ಲಿ ನಿಂತರೆ, ಅವನ ನೆನಪಿನಲ್ಲಿ ಯಾವುದು ಉಳಿಯುವುದೆಂದು ವಾಚಕರೇ ಊಹಿಸಬಹುದು.

ಇನ್ನು ವೆಚ್ಚದ ವಿಷಯ. ಒಂದು ಊರಿಗೆ ಬರುವ ಹಣವು ಪ್ರವಾಸಿಗಳ ಸಂಖ್ಯೆ, ತಂಗುವ ದಿನಗಳು, ಪ್ರತಿದಿನದ ವೆಚ್ಚ ಎಂಬ ಮೂರರ ಗುಣಲಬ್ಧ. ದಿನವೆಚ್ಚವನ್ನು ಬಹುಮಟ್ಟಿಗೆ ನಿರ್ಣಯಿಸುವುದು ಪ್ರವಾಸಿಯ ಆದಾಯ. ಪ್ರಯಾಣದ ಹಣವಂತೂ ತೃಪ್ತಿ ಉಂಟಾಗುವುದಕ್ಕೆ ಮುಂಚೆಯೇ ಖರ್ಚಾಗಿರುತ್ತದೆ. ಆದುದರಿಂದ ತೃಪ್ತಿಯ ಪ್ರಭಾವವು ಮುಖ್ಯವಾಗಿ ಉಳಿದೆರಡು ಅಂಶಗಳ ಮೇಲೆ ಬೀಳುತ್ತದೆ: ತೃಪ್ತನು ಇನ್ನೊಂದು ದಿನ ತಂಗುತ್ತಾನೆ, ಮರಳಿ ಬರುತ್ತಾನೆ, ನಾಲ್ವರಿಗೆ ಹೇಳಿ ಅವರನ್ನೂ ಕಳುಹಿಸುತ್ತಾನೆ.

ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. 100 ಜನ ಬಂದು ತಲಾ 300 ರೂಪಾಯಿ ವೆಚ್ಚಮಾಡಿ ಸಂಜೆಗೆ ಹೊರಟರೆ ಊರಿಗೆ 30,000 ರೂಪಾಯಿ. ಅವರಲ್ಲಿ 20 ಜನ ರಾತ್ರಿ ತಂಗಿ ತಲಾ 1,500 ರೂಪಾಯಿ ವೆಚ್ಚಮಾಡಿದರೆ ಮೊತ್ತವು 54,000 ರೂಪಾಯಿಗೆ ಏರುತ್ತದೆ. ಆದರೆ ತಂಗಲು ಶುಚಿಯಾದ ಕೋಣೆಯೇ ಇಲ್ಲದಿದ್ದರೆ? ಅವರು ಕಲಬುರಗಿಗೆ ಹೋಗಿ ಮಲಗುತ್ತಾರೆ. ಹಣವೂ ಅವರೊಡನೆ ಹೋಗುತ್ತದೆ. ವಿದ್ಯುತ್ಕೋಶದ ತುದಿಗಳ ನಡುವೆ ವಿಭವಾಂತರವಿದ್ದರೂ ತಂತಿ ಜೋಡಿಸದೆ ವಿದ್ಯುತ್ತು ಹರಿಯುವುದಿಲ್ಲವಷ್ಟೆ. ತೃಪ್ತಿಯು ವಿಭವಾಂತರವಾದರೆ, ಊಟದ ಮನೆ, ವಸತಿ, ಅಂಗಡಿಗಳು ತಂತಿಯಿದ್ದಂತೆ.

ಹರಿದು ಬಂದ ಹಣ ಊರಿನಲ್ಲಿ ನಿಲ್ಲುವುದೂ ಮುಖ್ಯ. 100 ರೂಪಾಯಿಯಲ್ಲಿ ಪ್ರತಿ ಬಾರಿಯೂ ಶೇಕಡಾ 40 ಭಾಗ ಊರಿನೊಳಗೇ ಪುನಃ ವೆಚ್ಚವಾದರೆ, 100 + 40 + 16 + ... ಎಂಬ ಗುಣೋತ್ತರ ಶ್ರೇಢಿಯ ಮೊತ್ತ ಸುಮಾರು 167. ಶೇಕಡಾ 10 ಮಾತ್ರ ಉಳಿದರೆ ಸುಮಾರು 111. ನೆರೆಯ ಹೊಲದ ಜೋಳದ ರೊಟ್ಟಿ, ನಮ್ಮ ತೊಗರಿಯ ಬೇಳೆ ಬಡಿಸುವ ಖಾನಾವಳಿಗೂ, ದೂರದಿಂದ ಬಂದ ಪೊಟ್ಟಣದ ತಿಂಡಿ ಮಾರುವ ಅಂಗಡಿಗೂ ಇರುವ ವ್ಯತ್ಯಾಸ ಇದೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೆಚ್ಚು ವೆಚ್ಚಮಾಡಿದವರು ಹೆಚ್ಚು ತೃಪ್ತರಾಗಿ ಕಂಡರೆ, ತೃಪ್ತಿಯೇ ವೆಚ್ಚಕ್ಕೆ ಕಾರಣವೆಂದು ಕೂಡಲೆ ಹೇಳಲಾಗದು. ಹಣವಂತನಿಗೆ ಸ್ವಂತ ವಾಹನವುಂಟು, ಒಳ್ಳೆಯ ಕೋಣೆ ದೊರೆಯುತ್ತದೆ; ಅವನ ತೃಪ್ತಿಗೂ ವೆಚ್ಚಕ್ಕೂ ಆದಾಯವೇ ಸಮಾನ ಕಾರಣವಾಗಿರಬಹುದು. ಸಮಾನ ಆದಾಯದವರನ್ನು ತಮ್ಮತಮ್ಮಲ್ಲಿ ಹೋಲಿಸಿದಾಗ ಮಾತ್ರ ತೃಪ್ತಿಯ ನಿಜವಾದ ಪಾಲು ಗೋಚರಿಸುತ್ತದೆ.

ಕೊಡ್ಲಿ, ಸೇಡಂ, ಚಿಂಚೋಳಿಗಳ ಎಷ್ಟೋ ತರುಣರು ಕೆಲಸವನ್ನರಸಿ ಹೈದರಾಬಾದು, ಮುಂಬಯಿಗಳಿಗೆ ಹೋಗುತ್ತಾರೆ. ಮಳಖೇಡದಲ್ಲಾಗಲಿ ಸನ್ನತಿಯಲ್ಲಾಗಲಿ ಚರಿತ್ರೆಯನ್ನು ತಿಳಿಸಿ ಹೇಳಬಲ್ಲ ಹತ್ತು ಜನರೂ, ಬಿಸಿ ರೊಟ್ಟಿ ಬಡಿಸುವ ಹತ್ತು ಮನೆಗಳೂ ಸಿದ್ಧವಾದರೆ ಕೆಲವರಾದರೂ ಊರಿನಲ್ಲೇ ಉಳಿಯಬಹುದು. ವಿದ್ಯಾರ್ಥಿಗಳು ಮುಂದಿನ ರಜೆಯಲ್ಲಿ ಈ ಸ್ಥಳಗಳಿಗೆ ಹೋಗಿ, ಬಂದವರನ್ನು ವಿನಯದಿಂದ ಕೇಳಲಿ: ಏನನ್ನು ನಿರೀಕ್ಷಿಸಿ ಬಂದಿರಿ, ಏನನ್ನು ಕಂಡಿರಿ, ಎಷ್ಟು ಹೊತ್ತು ಇದ್ದಿರಿ, ಎಷ್ಟು ವೆಚ್ಚಮಾಡಿದಿರಿ, ಕೊಳ್ಳಬೇಕೆಂದರೂ ಸಿಗದಿದ್ದುದು ಯಾವುದು? ಕೊನೆಯ ಪ್ರಶ್ನೆಗೆ ದೊರೆಯುವ ಉತ್ತರವೇ ಊರಿಗೆ ಹೆಚ್ಚು ಉಪಯುಕ್ತವಾದೀತೆಂದು ನಾವು ನಂಬುತ್ತೇವೆ.