ಪವರ್ ಬಿಐ ಪರೀಕ್ಷೆಗೆ ಉಡುಪಿಯ ಮಳೆ ಲೆಕ್ಕ

ಪ್ರಶ್ನೆ: ನನ್ನ ಊರು ಪೆರ್ಡೂರು. ಬಿ.ಕಾಂ. ಮುಗಿಸಿ ಮಣಿಪಾಲದ ಕಚೇರಿಯೊಂದರಲ್ಲಿ ಎಕ್ಸೆಲ್ ಕೆಲಸ ಮಾಡುತ್ತಿದ್ದೇನೆ. ಮೈಕ್ರೋಸಾಫ್ಟ್‌ನ ಡೇಟಾ ವಿಶ್ಲೇಷಣೆಯ ತಂತ್ರಾಂಶ ಪವರ್ ಬಿಐ ಕುರಿತ ಪರೀಕ್ಷೆ ‘ಪಿಎಲ್-300’ ಬರೆಯುವ ಆಸೆ. ವಿಡಿಯೊ ನೋಡುವಾಗ ಎಲ್ಲ ಅರ್ಥವಾಗುತ್ತದೆ, ಒಬ್ಬಳೇ ಕೂತರೆ ಕೈ ಓಡುವುದಿಲ್ಲ. ಗೆಳತಿ ಹಳೆಯ ಪ್ರಶ್ನೋತ್ತರದ ಫೈಲ್ ಕಳಿಸಿ ಬಾಯಿಪಾಠ ಮಾಡು ಎನ್ನುತ್ತಾಳೆ. ನನ್ನ ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೆ. ಫೇಲಾದರೆ ಕಟ್ಟಿದ ಶುಲ್ಕವೂ ಹೋಯಿತು. ಏನು ಮಾಡಲಿ?

ಉತ್ತರ: ಮೊದಲು ಆ ಫೈಲನ್ನು ಅಳಿಸಿ. ಪರೀಕ್ಷೆಯಿಂದ ಕದ್ದ ಅಂಥ ಪ್ರಶ್ನೆಗಳನ್ನು ಬಳಸಿದ್ದು ಗೊತ್ತಾದರೆ ಸರ್ಟಿಫಿಕೇಟೇ ರದ್ದಾಗಬಹುದು. ಅಂಥ ಫೈಲುಗಳಲ್ಲಿ ಉತ್ತರವೇ ತಪ್ಪಿರುವುದೂ ಉಂಟು. ಅಭ್ಯಾಸ ಪ್ರಶ್ನೆಗಳು ಕಂಪನಿಯದೇ ಜಾಲತಾಣ ಮೈಕ್ರೋಸಾಫ್ಟ್ ಲರ್ನ್‌ನಲ್ಲಿ ಉಚಿತವಾಗಿಯೇ ಸಿಗುತ್ತವೆ.

ಕೈ ಓಡದಿರುವುದಕ್ಕೆ ನಿಮ್ಮ ಬುದ್ಧಿ ಕಾರಣವಲ್ಲ. ವಿಡಿಯೊಗಳಲ್ಲಿ ಬರುವುದು ಹೆಚ್ಚಾಗಿ ಎಲ್ಲಿಯದೋ ಅಂಗಡಿಯ ಮಾರಾಟದ ಲೆಕ್ಕ. ಅಲ್ಲಿ ಸಂಖ್ಯೆ ತಪ್ಪಿದರೂ ನಿಮಗೆ ತಪ್ಪೆನಿಸುವುದಿಲ್ಲ. ನಿಮಗೆ ಗೊತ್ತಿರುವ ಮಳೆಯನ್ನೇ ತೆಗೆದುಕೊಳ್ಳಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ವರದಿಗಳಿಂದ ಉಡುಪಿ ಜಿಲ್ಲೆಯ ತಾಲ್ಲೂಕುವಾರು ಅಂಕಿಗಳನ್ನು ಒಂದು ಹಾಳೆಗೆ ಇಳಿಸಿ, ಪವರ್ ಬಿಐ ಡೆಸ್ಕ್‌ಟಾಪ್‌ಗೆ ಹಾಕಿ. ವಿಂಡೋಸ್ ಕಂಪ್ಯೂಟರ್ ಇದ್ದರೆ ಅದು ಉಚಿತ.

ತೊಡಕು ತಕ್ಷಣ ಶುರುವಾಗುತ್ತದೆ, ಕಲಿಕೆಯೂ ಅಲ್ಲಿಂದಲೇ. ಒಂದು ಕಡತದಲ್ಲಿ ತಾಲ್ಲೂಕಿನ ಹೆಸರು ‘ಕಾಪು’, ಇನ್ನೊಂದರಲ್ಲಿ ‘ಕೌಪ್’ ಎಂದಿದ್ದರೆ ಎರಡು ಕೋಷ್ಟಕಗಳು ಕೂಡಿಕೊಳ್ಳುವುದಿಲ್ಲ. ಪವರ್ ಬಿಐ ಒಳಗಿನ ಪವರ್ ಕ್ವೆರಿಯಲ್ಲಿ ಹೆಸರು ಸರಿಪಡಿಸಬೇಕು. ಮಳೆಯ ಪಕ್ಕ ಜನಸಂಖ್ಯೆಯನ್ನೂ ಇಡಹೊರಟರೆ ಇನ್ನೊಂದು ತೊಡಕು. 2011ರ ಜನಗಣತಿಯಲ್ಲಿ ಜಿಲ್ಲೆಗೆ ಇದ್ದದ್ದು ಉಡುಪಿ, ಕುಂದಾಪುರ, ಕಾರ್ಕಳ ಎಂಬ 3 ತಾಲ್ಲೂಕು, ಈಗ 7. ಆ ಜನಸಂಖ್ಯೆಯನ್ನು ಇಂದಿನ ಹೆಬ್ರಿಗೋ ಬೈಂದೂರಿಗೋ ನೇರವಾಗಿ ಜೋಡಿಸಲು ಬರುವುದಿಲ್ಲ. ಇನ್ನು, ಮಳೆಯ ಕಾಲಮನ್ನು ಚಾರ್ಟಿಗೆ ಎಳೆದರೆ ಪವರ್ ಬಿಐ ತಾನಾಗಿ ಕೂಡಿಬಿಡುತ್ತದೆ. ಏಳೂ ತಾಲ್ಲೂಕಿನ ಮಿಲಿಮೀಟರ್ ಸೇರಿ ಎಂಥ ಆಟಿ ತಿಂಗಳಲ್ಲೂ ಕಾಣದ ಮಳೆ ಸುರಿದಿರುತ್ತದೆ! ನಿಮಗೆ ಕೂಡಲೇ ಗೊತ್ತಾಗುತ್ತದೆ, ಇಲ್ಲಿ ಬೇಕಿದ್ದದ್ದು ಸರಾಸರಿ ಎಂದು. ಈ ಜೂನನ್ನು ಹೋದ ವರ್ಷದ ಜೂನ್ ಜತೆ ಹೋಲಿಸಿ ನೋಡಿ. ನಡುವೆ ದಿನ ಬಿಟ್ಟುಹೋಗದ ದಿನಾಂಕಗಳ ಪ್ರತ್ಯೇಕ ಕೋಷ್ಟಕ ಏಕೆ ಬೇಕು, ಅದಿಲ್ಲದಿದ್ದರೆ ಪವರ್ ಬಿಐನ ಸೂತ್ರಭಾಷೆ ಡ್ಯಾಕ್ಸ್‌ನ ಸೂತ್ರ ಏಕೆ ಮುಷ್ಕರ ಹೂಡುತ್ತದೆ ಎಂಬುದು ಆಗ ಅರ್ಥವಾಗುತ್ತದೆ.

ಪರೀಕ್ಷೆಯ ಅರ್ಧದಷ್ಟು ಭಾಗ ಇಂಥದ್ದೇ: ಡೇಟಾ ಸಿದ್ಧಪಡಿಸುವುದಕ್ಕೆ ಶೇ 25-30, ಮಾಡೆಲ್ ಕಟ್ಟುವುದಕ್ಕೆ ಇನ್ನೊಂದು ಶೇ 25-30. ಬಣ್ಣದ ಚಾರ್ಟುಗಳಲ್ಲೇ ಸಮಯ ಕಳೆದವರು ಎಡವುವುದು ಇಲ್ಲಿ. ಸಾವಿರಕ್ಕೆ 700 ಬಂದರೆ ಪಾಸು. ಸರ್ಟಿಫಿಕೇಟಿನ ಆಯುಸ್ಸು ಒಂದು ವರ್ಷ, ನವೀಕರಣ ಮಾತ್ರ ಉಚಿತ. ಸಂದರ್ಶನದಲ್ಲಿ ಕಾಗದಕ್ಕಿಂತ ನಿಮ್ಮ ಮಳೆ ವರದಿಯೇ ಹೆಚ್ಚು ಮಾತಾಡುತ್ತದೆ ಎಂದು ನನ್ನ ನಂಬಿಕೆ. ಅದನ್ನು ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡೇ ಹೋಗಿ.

ಪರೀಕ್ಷೆಯನ್ನು ಮನೆಯಿಂದಲೂ ಬರೆಯಬಹುದು, ಆದರೆ ಕೋಣೆಯಲ್ಲಿ ಒಬ್ಬರೇ ಇರಬೇಕು, ಮೇಜು ಖಾಲಿಯಿರಬೇಕು, ಕ್ಯಾಮೆರಾ ಆರಬಾರದು. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಹೋದರೆ ಯಾವಾಗ ಬಂದೀತು ಎನ್ನುವ ಹಾಗಿಲ್ಲ. ಆದ್ದರಿಂದ ಬುಕ್ ಮಾಡುವಾಗ ಪರೀಕ್ಷಾ ಕೇಂದ್ರವನ್ನೇ ಆರಿಸಿ. ಮೊದಲ ಸಲ ಆಗದಿದ್ದರೆ 24 ಗಂಟೆಯ ಬಳಿಕ ಮತ್ತೆ ಬರೆಯಬಹುದು. ಶುಲ್ಕ ಮತ್ತೆ ಕಟ್ಟಬೇಕಾದ್ದರಿಂದ ಆತುರ ಬೇಡ.

ಇಂಗ್ಲಿಷಿನ ಭಯಕ್ಕೆ ಒಂದು ದಾರಿಯಿದೆ. ಪರೀಕ್ಷೆ ಕನ್ನಡದಲ್ಲಿಲ್ಲ, ತಮ್ಮ ಭಾಷೆಯಲ್ಲಿ ಪರೀಕ್ಷೆ ಸಿಗದವರು 30 ನಿಮಿಷ ಹೆಚ್ಚುವರಿ ಸಮಯ ಕೇಳಬಹುದು. ದಿನಾಂಕ ಗೊತ್ತುಮಾಡುವ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಈ ವಾರವೇ ಹಾಕಿ.