ಆಪತ್ಕಾಲದ ದಾಸೋಹ

ನೆರೆಮನೆಗೆ ಬೆಂಕಿ ಬಿದ್ದಾಗ, ನಂದಿಸುವುದು ಸರ್ಕಾರದ ಕೆಲಸವೆಂದು ಕದವಿಕ್ಕಿ ಕುಳಿತುಕೊಳ್ಳುವ ಗೃಹಸ್ಥನುಂಟೆ? ಇಲ್ಲ. ಆದರೆ ನಾಡಿಗೆ ನಾಡೇ ಆಪತ್ತಿಗೆ ಸಿಲುಕಿ, ಆಳುವವರು ತಡಮಾಡಿದಾಗ, ಜನರು ಸಂಘಟಿತರಾಗಿ ಏನು ಮಾಡಬಲ್ಲರು, ಏನು ಮಾಡಲಾರರು ಎಂಬುದು ವಿಚಾರಾರ್ಹವಾದ ವಿಷಯ. ಇದಕ್ಕೆ ಕಠೋರವಾದ ನಿದರ್ಶನವೊಂದಿದೆ.

೧೯೭೦ನೆಯ ನವೆಂಬರ್ ೧೨ರ ರಾತ್ರಿ ಅಂದಿನ ಪೂರ್ವ ಪಾಕಿಸ್ತಾನದ ಕರಾವಳಿಗೆ ಚಂಡಮಾರುತವು ಎರಗಿತು. ಭರತದ ವೇಳೆಯಲ್ಲಿಯೇ ಸಮುದ್ರವು ಉಕ್ಕಿ, ಭೋಲಾ ಮೊದಲಾದ ದ್ವೀಪಗಳನ್ನು ಮುಳುಗಿಸಿತು. ಮಡಿದವರು ೩ರಿಂದ ೫ ಲಕ್ಷವೆಂದು ಅಂದಾಜು. ಬಿರುಗಾಳಿಯ ಸುಳಿವು ಮೊದಲೇ ದೊರೆತಿದ್ದರೂ ಅದರ ಭೀಕರತೆಯನ್ನು ತಿಳಿಸುವ ಎಚ್ಚರಿಕೆಯು ಹಳ್ಳಿಗರನ್ನು ಸರಿಯಾಗಿ ಮುಟ್ಟಲಿಲ್ಲ. ಅನಂತರದ ಸರ್ಕಾರಿ ಪರಿಹಾರವೂ ಕುಂಟುತ್ತ ಬಂದಿತು.

ಆಗ ಚಟ್ಟಗಾಂವಿನಲ್ಲಿ ಎಣ್ಣೆ ಕಂಪನಿಯ ಅಧಿಕಾರಿಯಾಗಿದ್ದ ಫಜ್ಲೆ ಹಸನ್ ಅಬೇದರು ಮಿತ್ರರನ್ನು ಕೂಡಿಕೊಂಡು, ಹಾಳಾದ ಮನ್ಪುರಾ ದ್ವೀಪಕ್ಕೆ ಪರಿಹಾರ ಸಾಮಗ್ರಿಗಳನ್ನು ಒಯ್ದರು.  ೧೯೭೧ರ ಯುದ್ಧದ ತರುವಾಯ, ಮರಳಿ ಬಂದ ನಿರಾಶ್ರಿತರ ಸೇವೆಗಾಗಿ ಲಂಡನ್ನಿನ ತಮ್ಮ ಮನೆಯನ್ನು ಮಾರಿ, ೧೯೭೨ರಲ್ಲಿ ಬ್ರಾಕ್ ಸಂಸ್ಥೆಯನ್ನು ಕಟ್ಟಿದರು. ಒಂದು ಹೊತ್ತಿನ ಅನ್ನವಿತ್ತ ಮಾತ್ರಕ್ಕೆ ಬಡವನ ಆಪತ್ತು ತೀರದೆಂದು ಕಂಡುಕೊಂಡು, ವಿದ್ಯೆ, ಆರೋಗ್ಯ, ಜೀವನೋಪಾಯಗಳ ಕಡೆಗೆ ಆ ಸಂಸ್ಥೆಯು ತಿರುಗಿತು.

ಆದರೂ ಒಂದು ಮಾತನ್ನು ಮರೆಯಲಾಗದು. ಸೇವಾಸಂಘವು ದೋಣಿಯನ್ನು ಬೇಗ ಹೂಡಬಲ್ಲುದು. ಕರಾವಳಿಯುದ್ದಕ್ಕೂ ಒಡ್ಡುಗಳನ್ನೂ ಆಶ್ರಯಮಂದಿರಗಳನ್ನೂ ತಾನೊಂದೇ ಕಟ್ಟಿಸಲಾರದು. ಬಾಂಗ್ಲಾದೇಶವು ಈ ಪಾಠವನ್ನು ಕಲಿಯಿತು. ಅಲ್ಲಿ ಸರ್ಕಾರವೂ ರೆಡ್ ಕ್ರಿಸೆಂಟ್ ಸಂಸ್ಥೆಯೂ ಕೂಡಿ ಹಳ್ಳಿಹಳ್ಳಿಗಳಲ್ಲಿ ಸ್ವಯಂಸೇವಕರನ್ನು ಸಿದ್ಧಗೊಳಿಸಿದವು. ಗಾಳಿ ಏಳುವ ಮುನ್ನವೇ ಇವರು ಬಾವುಟವೇರಿಸಿ, ಮನೆಮನೆಗೆ ಕೂಗಿ ಹೇಳಿ, ಜನರನ್ನು ಆಶ್ರಯಕ್ಕೆ ಕರೆದೊಯ್ಯುವರು. ೨೦೦೭ರಲ್ಲಿ ಸಿದ್ರ್ ಎಂಬ ಪ್ರಚಂಡ ಮಾರುತವು ಬೀಸಿದಾಗ ಮಡಿದವರ ಸಂಖ್ಯೆ ಸಾವಿರಗಳಲ್ಲಿತ್ತು, ಲಕ್ಷಗಳಲ್ಲಿರಲಿಲ್ಲ. ಸಾವಿರವೂ ಅಲ್ಪವಲ್ಲ, ಆದರೆ ಅಂತರವು ಕಣ್ಣಿಗೆ ಕಾಣುವಂಥದು.

ಶರಣಬಂಧುಗಳೆ, ಇದರಿಂದ ನಾವು ತಿಳಿಯಬೇಕಾದುದೇನು? ಸರ್ಕಾರವು ಸೋತಲ್ಲಿ ಕೈನೀಡುವುದು ಧರ್ಮ. ಅದು ಮತ್ತೆ ಸೋಲದಂತೆ ಕೇಳಿ ಎಚ್ಚರಿಸುವುದೂ ಧರ್ಮವೇ. ನೀಡುವಾಗ, ನೊಂದವರಿಗೆ ಬೇಕಾದುದೇನೆಂದು ಅವರನ್ನೇ ಕೇಳಬೇಕು. ಮನೆಯಲ್ಲಿ ಬೇಡವಾದುದನ್ನು ಸಾಗಹಾಕುವುದು ಸೇವೆಯಲ್ಲ. ಕೂಡಿಸಿದ ಹಣಕ್ಕೆ ಕಾಸುಕಾಸಿನ ಲೆಕ್ಕವಿರಬೇಕು. ಕೊಟ್ಟೆನೆಂಬ ಹಮ್ಮು ಉಳಿದರೆ ಅದು ದಾನವಾದೀತು, ದಾಸೋಹವಾಗದು.