ಹೃದಯಧಮನಿಯ ಚಿತ್ರ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಚನ್ನಪಟ್ಟಣವನ್ನು ದಾಟಿ ಮದ್ದೂರನ್ನು ಸೇರುವ ಮೊದಲು ನಿಡಘಟ್ಟವೆಂಬ ಊರು ಸಿಗುತ್ತದೆ. 2023ರಲ್ಲಿ ಉದ್ಘಾಟನೆಗೊಂಡ ಹೊಸ ಹೆದ್ದಾರಿಯನ್ನು ಎರಡು ಭಾಗಗಳಾಗಿ ನಿರ್ಮಿಸಿದಾಗ ಆ ಎರಡೂ ಸಂಧಿಸಿದ್ದು ಇಲ್ಲಿಯೇ. ಬೆಂಗಳೂರಿನ ಕಡೆಗೆ 56 ಕಿಲೋಮೀಟರು, ಮೈಸೂರಿನ ಕಡೆಗೆ 61 ಕಿಲೋಮೀಟರು. ಎರಡು ನಗರಗಳಲ್ಲಿಯೂ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳಿವೆ. ಸಾಮಾನ್ಯ ಪ್ರಯಾಣಿಕನಿಗೆ ಈ ಅಂಕಿಗಳಲ್ಲಿ ಯಾವ ವಿಶೇಷವೂ ಕಾಣದು. ಆದರೆ ನಡುರಾತ್ರಿಯಲ್ಲಿ ಎದೆ ಹಿಡಿದುಕೊಂಡು ಎದ್ದು ಕುಳಿತ ರೈತನೊಬ್ಬನಿಗೆ ಅವೇ ಜೀವನ್ಮರಣದ ಲೆಕ್ಕವಾಗುತ್ತವೆ.

ದೇಹಕ್ಕೆಲ್ಲ ರಕ್ತವನ್ನು ಹಂಚುವ ಹೃದಯಕ್ಕೂ ತನ್ನ ಪಾಲಿನ ರಕ್ತ ಬೇಕು. ಅದನ್ನು ಒದಗಿಸುವ ಸಣ್ಣ ಧಮನಿಗಳು ಹೃದಯವನ್ನು ಕಿರೀಟದಂತೆ ಸುತ್ತುವರಿದಿವೆ. ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಬೇಸಾಯ ಮಾಡುವ ಮಂಡ್ಯದ ರೈತನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹೂಳು ತುಂಬಿದ ಕಾಲುವೆಯ ಕೊನೆಯ ಗದ್ದೆ ಒಣಗುವಂತೆ, ಕೊಬ್ಬು ಕಟ್ಟಿದ ಧಮನಿಯ ಆಚೆಗಿನ ಸ್ನಾಯು ರಕ್ತವಿಲ್ಲದೆ ಬಳಲುತ್ತದೆ. ಆದರೆ ಈ ಹೋಲಿಕೆ ಪೂರ್ತಿಯಾಗಿ ಹೊಂದುವುದಿಲ್ಲ. ಹೃದಯಾಘಾತವು ಬಹುಮಟ್ಟಿಗೆ ಸಂಭವಿಸುವುದು ಕೊಬ್ಬಿನ ಪದರವು ಹಠಾತ್ತನೆ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋದಾಗ. ಹೀಗೆ ಬಿರಿಯುವ ಸ್ಥಳವು ಅತ್ಯಂತ ಕಿರಿದಾದ ಸ್ಥಳವೇ ಆಗಿರಬೇಕೆಂದಿಲ್ಲ. ಈ ಅಂಶವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮಿಡಿಯುವ ಹೃದಯದ ಧಮನಿಯನ್ನು ಕಣ್ಣಿನಿಂದ ನೋಡುವುದು ಹೇಗೆ? 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಪಟ್ಟಣದಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯನು ತನ್ನ ತೋಳಿನ ಅಭಿಧಮನಿಯನ್ನು ತಾನೇ ಕೊಯ್ದು, ತೆಳುವಾದ ನಳಿಕೆಯೊಂದನ್ನು 65 ಸೆಂಟಿಮೀಟರಿನಷ್ಟು ಒಳಕ್ಕೆ ತೂರಿಸಿಕೊಂಡನು. ಮೇಲಧಿಕಾರಿ ಇದಕ್ಕೆ ಅನುಮತಿ ನೀಡಿರಲಿಲ್ಲ. ನಳಿಕೆಯು ದೇಹದಲ್ಲಿರುವಂತೆಯೇ ಕ್ಷಕಿರಣದ ಕೊಠಡಿಗೆ ನಡೆದುಹೋಗಿ, ಅದರ ತುದಿ ಹೃದಯವನ್ನು ಮುಟ್ಟಿರುವ ಚಿತ್ರವನ್ನು ತೆಗೆಸಿದನು. ಹೊಗಳಿಕೆಗಿಂತ ಹೆಚ್ಚಾಗಿ ಬೈಗುಳವೇ ಅವನ ಪಾಲಿಗೆ ಬಂದಿತು. ಅವನು ಹೃದ್ರೋಗವನ್ನು ಬಿಟ್ಟು ಮೂತ್ರಾಂಗಗಳ ಚಿಕಿತ್ಸೆಯ ಕಡೆಗೆ ಹೊರಳಿದನು. ನೊಬೆಲ್ ಪ್ರಶಸ್ತಿ ಅವನನ್ನು ಹುಡುಕಿಕೊಂಡು ಬಂದಾಗ 1956 ಆಗಿತ್ತು.

ಧಮನಿಗಳ ಚಿತ್ರ ದೊರೆತದ್ದಂತೂ ಒಂದು ಆಕಸ್ಮಿಕದಿಂದ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯರು ಮಹಾಧಮನಿಗೆಂದು ಸಿದ್ಧಪಡಿಸಿದ್ದ ವರ್ಣದ್ರವವು ನಳಿಕೆ ಜಾರಿದ್ದರಿಂದ ಹೃದಯದ ಬಲಧಮನಿಗೆ ನುಗ್ಗಿತು. ರೋಗಿಯ ಹೃದಯ ಕೆಲವು ಕ್ಷಣ ಸ್ತಬ್ಧವಾಯಿತು. ಕೆಮ್ಮಿಸಿದೊಡನೆ ಪುನಃ ಮಿಡಿಯಿತು. ಪ್ರಾಣಾಪಾಯವೆಂದು ಬೆದರಿದವರಿಗೆ ಪರದೆಯ ಮೇಲೆ ಧಮನಿಯು ಕವಲುಕವಲಾಗಿ ಕಂಡಿತು. ಇಂದು ಮಣಿಕಟ್ಟಿನ ಅಥವಾ ತೊಡೆಯ ಧಮನಿಯ ಮೂಲಕ ನಡೆಸುವ ಆಂಜಿಯೋಗ್ರಾಂ ಪರೀಕ್ಷೆ ಹುಟ್ಟಿದ್ದು ಹೀಗೆ. 1977ರಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಅವರು ಅದೇ ದಾರಿಯಲ್ಲಿ ಪುಟ್ಟ ಬಲೂನನ್ನು ಕಳುಹಿಸಿ, ಕಿರಿದಾಗಿದ್ದ ಧಮನಿಯನ್ನು ಹಿಗ್ಗಿಸಿದರು. ಅದು ಆಂಜಿಯೋಪ್ಲಾಸ್ಟಿ.

ಚಿತ್ರ ತೆಗೆದ ಮಾತ್ರಕ್ಕೆ ರೋಗಿ ಬದುಕುವನೆ? ಇದನ್ನು ಊಹೆಯಿಂದ ಹೇಳಲಾಗದು. ಸಾವಿರಾರು ರೋಗಿಗಳನ್ನು ಗಮನಿಸಿ, ಎಣಿಸಿ ಹೇಳಬೇಕು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭಾರತವೂ ಸೇರಿದಂತೆ 37 ದೇಶಗಳ 5179 ರೋಗಿಗಳಿದ್ದರು. ಇವರದು ಹಠಾತ್ ಆಘಾತವಲ್ಲ, ನಿಧಾನವಾಗಿ ಬೆಳೆದ ರೋಗ. ಅರ್ಧದಷ್ಟು ಜನರಿಗೆ ಔಷಧಗಳ ಜೊತೆಗೆ ಆಂಜಿಯೋಗ್ರಾಂ ಮಾಡಿ, ಅಗತ್ಯವಿದ್ದಲ್ಲಿ ಧಮನಿಯನ್ನು ಸರಿಪಡಿಸಲಾಯಿತು. ಉಳಿದವರಿಗೆ ಮೊದಲು ಔಷಧ ಮಾತ್ರ. ಸುಮಾರು ಮೂರು ವರ್ಷಗಳ ಬಳಿಕ ನೋಡಿದರೆ ಎರಡು ಗುಂಪುಗಳಲ್ಲಿಯೂ ಸಾವಿನ ಪ್ರಮಾಣ ಹೆಚ್ಚುಕಡಮೆ ಒಂದೇ! ಎದೆನೋವಿದ್ದವರಿಗೆ ನೋವೇನೋ ಮೊದಲ ಗುಂಪಿನಲ್ಲಿ ಹೆಚ್ಚು ಇಳಿದಿತ್ತು. ಕಿರಿದಾದ ಜಾಗವನ್ನು ಹಿಗ್ಗಿಸಬಹುದು, ಆದರೆ ನಾಳೆ ಬಿರಿಯುವ ಜಾಗ ಬೇರೆಯದಾಗಿರಬಹುದು ಎಂಬುದನ್ನು ಆಗಲೇ ನೋಡಿದೆವಷ್ಟೆ.

ಹೃದಯಾಘಾತವಾದಾಗ ಮಾತ್ರ ಕಥೆ ಬೇರೆ. ಆಗ ಮುಚ್ಚಿದ ಧಮನಿಯನ್ನು ತೆರೆಯುವುದೇ ಚಿಕಿತ್ಸೆ. ತಡವಾದಷ್ಟೂ ಸ್ನಾಯು ಸಾಯುತ್ತದೆ. ನಮ್ಮ ದೇಶದ ಸ್ಥಿತಿಯನ್ನು ತಿಳಿಯಲು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳಿಂದ ಇಪ್ಪತ್ತು ಸಾವಿರಕ್ಕೂ ಮಿಗಿಲಾದ ರೋಗಿಗಳ ವಿವರವನ್ನು ಕೂಡಿಹಾಕಿ 2008ರಲ್ಲಿ ಪ್ರಕಟಿಸಿದರು. ನೋವು ಶುರುವಾದಂದಿನಿಂದ ಆಸ್ಪತ್ರೆ ಸೇರುವವರೆಗಿನ ಮಧ್ಯಮ ಕಾಲಾವಧಿ 360 ನಿಮಿಷ, ಎಂದರೆ ಆರು ಗಂಟೆ. ನಿಡಘಟ್ಟದಿಂದ ಯಾವ ನಗರಕ್ಕೂ ಆರು ಗಂಟೆ ಬೇಕಿಲ್ಲ. ವಾಯುವೆಂದು ಸೋಡಾ ಕುಡಿದು, ಬೆಳಗಾಗಲೆಂದು ಕಾಯುವ ಹೊತ್ತೂ ಇಂಥ ಲೆಕ್ಕದಲ್ಲಿ ಸೇರುತ್ತದೆ.

ಅದೇ ವರದಿಯ ಇನ್ನೊಂದು ಅಂಕಿ ಮನಸ್ಸನ್ನು ಕಲಕುತ್ತದೆ. ಬಡವರಲ್ಲಿ ಧಮನಿಯನ್ನು ತೆರೆಯುವ ಆಂಜಿಯೋಪ್ಲಾಸ್ಟಿ ದೊರೆತದ್ದು ನೂರಕ್ಕೆ 2 ಮಂದಿಗೆ, ಶ್ರೀಮಂತರಲ್ಲಿ 15.3 ಮಂದಿಗೆ. ಮೂವತ್ತು ದಿನಗಳೊಳಗೆ ಬಡವರಲ್ಲಿ ನೂರಕ್ಕೆ 8.2 ಮಂದಿ, ಶ್ರೀಮಂತರಲ್ಲಿ 5.5 ಮಂದಿ ತೀರಿಕೊಂಡರು. ಚಿಕಿತ್ಸೆಯಲ್ಲಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರ ಅಳಿಸಿಹೋಯಿತು. ಬಡವನ ಹೃದಯ ದುರ್ಬಲವಾಗಿರಲಿಲ್ಲ. ಅವನಿಗೆ ಸಿಕ್ಕ ಚಿಕಿತ್ಸೆ ಕಡಮೆಯಾಗಿತ್ತು.

ಎಲ್ಲ ಊರಿನಲ್ಲಿಯೂ ಆಂಜಿಯೋಗ್ರಾಂ ಯಂತ್ರವನ್ನು ಇಡಲಾಗುವುದಿಲ್ಲ. ಹಾಗಾದರೆ ದೂರದ ರೋಗಿಗೆ ಏನು ದಾರಿ? 2013ರ ಒಂದು ಅಧ್ಯಯನದಲ್ಲಿ, ನೋವು ಕಾಣಿಸಿಕೊಂಡ ಮೂರು ಗಂಟೆಗಳೊಳಗೆ ವೈದ್ಯರ ಕೈಗೆ ಸಿಕ್ಕ, ಆದರೆ ಒಂದು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ದೊರಕದ 1892 ರೋಗಿಗಳನ್ನು ಪರೀಕ್ಷಿಸಿದರು. ಮೊದಲು ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು, ಹೆಪ್ಪು ಕರಗಿದವರಿಗೆ 6ರಿಂದ 24 ಗಂಟೆಗಳ ನಡುವೆ ಆಂಜಿಯೋಗ್ರಾಂ ಮಾಡಿದರೂ ಫಲಿತಾಂಶ ನೇರ ಆಂಜಿಯೋಪ್ಲಾಸ್ಟಿಗೆ ಹತ್ತಿರವಾಗಿಯೇ ಇತ್ತು. ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಮಾತ್ರ ತುಸು ಹೆಚ್ಚಾಗಿತ್ತು. ಕರ್ನಾಟಕ ಸರಕಾರವು ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಆರಂಭಿಸಿದ ಹೃದಯಜ್ಯೋತಿ ಯೋಜನೆಯ ತಿರುಳೂ ಇದೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದಯತಜ್ಞರು ನೋಡಿ ಸಲಹೆ ನೀಡುತ್ತಾರೆ. ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಅನಂತರ ರೋಗಿಯು ಆಂಜಿಯೋಗ್ರಾಮಿಗಾಗಿ ದೊಡ್ಡ ಆಸ್ಪತ್ರೆಗೆ ಪ್ರಯಾಣ ಬೆಳೆಸುತ್ತಾನೆ.